ಮಾಳ ಹಾಕಿಸು, ಆದರೆ ಮೊದಲು ದವಾಖಾನೆ

ಮಗಳೇ, ಬರುವ ಏಕಾದಶಿಗೆ ತಮ್ಮನನ್ನು ಪಂಢರಪುರಕ್ಕೆ ಕರಕೊಂಡು ಹೋಗಿ ಮಾಳ ಹಾಕಿಸ್ತೀವಿ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೆ ಈ ದೊಡ್ಡವ್ವ ಅಡ್ಡ ಬರುವುದಿಲ್ಲ. ಮಂಗಳವೇಢೆಯಲ್ಲಿ ಹುಟ್ಟಿ ಬೆಳೆದವರು ತುಳಸಿಮಾಳದ ಬಗ್ಗೆ ಹಗುರಾಗಿ ಮಾತಾಡುವುದಿಲ್ಲ. ಪಂಢರಪುರ ನಮಗೆ ಸುಮಾರು 25 ಕಿ.ಮೀ. ಮಾಳ ಕೊರಳಿಗೆ ಬಿದ್ದ ದಿನದಿಂದ ಬಾಟ್ಲಿ ಮುಟ್ಟದೆ, ಸಾಲ ತೀರಿಸಿ, ಮಕ್ಕಳ ಮದುವೆ ಮಾಡಿದವರು ನಮ್ಮ ಓಣಿಯಲ್ಲೇ ಇದ್ದಾರೆ. ಆದರೆ ಅವನು ಈಗ ಬೆಳಿಗ್ಗೆ ಎದ್ದ ಕೂಡಲೇ ಕುಡಿಯುತ್ತಾನೆ, ಕುಡಿಯದಿದ್ದರೆ ಚಹಾದ ಬಸಿ ಕೈಯಲ್ಲಿ ಕಟಕಟ ಅನ್ನುತ್ತದೆ ಅಂತಲೂ ಹೇಳಿದೆ. ಅಂಥವನ ಕುಡಿತವನ್ನು ಒಂದೇ ದಿನಕ್ಕೆ ನಿಲ್ಲಿಸಿ ಮಾಳ ಹಾಕಿಸಬೇಡ. ದವಾಖಾನೆಯಲ್ಲಿ ಸಿಸ್ಟರ್ ಆಗಿ ಆಯುಷ್ಯ ಕಳೆದವಳ ಮೊದಲ ಮಾತು ಇದು.

ದಿನಾ ಕುಡಿಯುವವನು ಥಟ್ಟನೆ ಬಿಟ್ಟರೆ ಏನಾಗುತ್ತದೆ, ಕೇಳು. ಕೆಲವೇ ತಾಸಿನಲ್ಲಿ ಕೈ ನಡುಗುತ್ತದೆ. ಬೆವರು, ವಾಂತಿ, ನಿದ್ದೆ ಇಲ್ಲ. ಮೊದಲ ಎರಡು ದಿನದಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೇ, ಮೂರನೇ ದಿನ ಕೆಲವರಿಗೆ ಗೋಡೆಯ ಮೇಲೆ ಹುಳ ಹರಿದಂತೆ, ಬಾಗಿಲಲ್ಲಿ ಪೊಲೀಸರು ಬಂದು ನಿಂತಂತೆ ಕಾಣತೊಡಗುತ್ತದೆ. ಹೊತ್ತುಗೊತ್ತು ತಿಳಿಯುವುದಿಲ್ಲ, ಮನೆಯವರ ಗುರುತು ಹತ್ತುವುದಿಲ್ಲ. ಇದು ಡಿಲಿರಿಯಂ ಟ್ರೆಮೆನ್ಸ್. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಸಂಚಕಾರ. ನಮ್ಮ ಕಡೆ ಆ ಮೂರನೇ ದಿನವೇ ಮನೆಯವರು “ಗಾಳಿ ಆಗ್ಯಾದ” ಅಂತ ಜೀಪು ಮಾಡಿಕೊಂಡು ಗಾಣಗಾಪುರಕ್ಕೆ ಹೊರಡುತ್ತಾರೆ. ದತ್ತನ ದರ್ಶನ ಆಮೇಲೂ ಆಗುತ್ತದೆ. ಆ ದಿನ ಹೋಗಬೇಕಾದ್ದು ಸೋಲಾಪುರದ ಸಿವಿಲ್ ಆಸ್ಪತ್ರೆ‌ಗೆ.

ಊರಿನ ಡಾಕ್ಟರ ಕಡೆ ಹೋಗಿ “ನಿಶ್ಶಕ್ತಿ ಆಗ್ಯಾದ, ಒಂದು ಸಲಾಯಿನ್ ಹಚ್ರಿ” ಅನ್ನುವುದೂ ಬೇಡ. ವರ್ಷಗಟ್ಟಲೆ ಕುಡಿದ ಮೈಯಲ್ಲಿ ಥಯಾಮಿನ್ ಎಂಬ ಬಿ-1 ಜೀವಸತ್ವ ತಳ ಕಂಡಿರುತ್ತದೆ. ಅದನ್ನು ಕೊಡದೆ ಬರೀ ಗ್ಲುಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು, ನೆನಪು ಕಾಯಂ ಆಗಿ ಹೋಗಬಹುದು. ಎಷ್ಟು ಕುಡಿಯುತ್ತಾನೆ, ಎಷ್ಟು ವರ್ಷದಿಂದ, ಕೊನೇ ಸಲ ಕುಡಿದದ್ದು ಯಾವಾಗ, ಇಷ್ಟನ್ನೂ ಡಾಕ್ಟರಿಗೆ ಬಾಯಿ ಬಿಟ್ಟು ಹೇಳು. ಮರ್ಯಾದೆ ಅಂತ ಇದನ್ನು ಮುಚ್ಚಿಟ್ಟು ಆಮೇಲೆ ಅತ್ತವರು ವಾರ್ಡಿನಲ್ಲಿ ಕಡಿಮೆ ಇರಲಿಲ್ಲ.

ಈಗ ತಮ್ಮನನ್ನು ನೋಡಿದ ಡಾಕ್ಟರ ಚೀಟಿಯ ಮಾತು. ಡಾಕ್ಟರು ಎರಡು ರೋಗ ಬರೆದಿದ್ದಾರೆ ಅಂದೆ: ಒಂದು ಮದ್ಯದ ಅವಲಂಬನೆ, ಇನ್ನೊಂದು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಅಂದರೆ ಒಂದು ಬಗೆಯ ವ್ಯಕ್ತಿತ್ವ ದೋಷ. ಮೊದಲನೆಯದು ಊರಿಗೇ ಗೊತ್ತು. ಎರಡನೆಯದನ್ನು ಕೇಳಿ ನಿಮ್ಮಪ್ಪ “ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ, ತಗೋ” ಅಂದರಂತೆ. ನಾನು ಇಷ್ಟುದ್ದ ಬರೆಯಲು ಕೂತದ್ದು ಆ ಗಾದೆಯ ಮೇಲಿನ ಸಿಟ್ಟಿಗೆ.

ನಿನ್ನ ತಮ್ಮನನ್ನು ನಾನು ಎತ್ತಿ ಆಡಿಸಿದ್ದೇನೆ. ಶಾಲೆಯಲ್ಲಿ ಮಾಸ್ತರು ಒಂದು ಮಾತು ಜೋರಾಗಿ ಅಂದರೆ ಮೂರು ದಿನ ಊಟ ಬಿಡುತ್ತಿದ್ದ. ಇಂದು ನೀನು ದೇವರು, ನಾಳೆ ನೀನೇ ವೈರಿ. ಫೋನ್ ಎತ್ತದಿದ್ದರೆ “ನನ್ನ ಬಿಟ್ಟೇಬಿಟ್ರಿ” ಅನ್ನುವ ಹಟ. ಒಳಗೆಲ್ಲ ಖಾಲಿ ಖಾಲಿ ಅನ್ನಿಸ್ತದ ಅಂತ ಒಮ್ಮೆ ನನ್ನ ಹತ್ತಿರವೇ ಹೇಳಿದ್ದ. ತೋಳಿನ ಮೇಲೆ ಬ್ಲೇಡಿನ ಗೀರು. ಇದನ್ನೆಲ್ಲ ಊರವರು ಕೊಬ್ಬು, ನಾಟಕ ಅನ್ನುತ್ತಾರೆ. ಅಲ್ಲ ಮಗಳೇ. ಅಂಥವರಿಗೆ ಭಾವನೆ ಬೇಗ ಏರುತ್ತದೆ, ಬಹಳ ಎತ್ತರಕ್ಕೆ ಏರುತ್ತದೆ, ಇಳಿಯುವುದಕ್ಕೆ ಮಾತ್ರ ಹೊತ್ತು ಹಿಡಿಯುತ್ತದೆ. ಆ ಉರಿಯನ್ನು ಹತ್ತು ನಿಮಿಷದಲ್ಲಿ ತಣಿಸುವ ವಸ್ತು ಧಾಬಾದಲ್ಲಿ ಸಿಗುತ್ತದೆ. ಅವನು ಕುಡಿಯುವುದು ಮಜಾಕ್ಕಲ್ಲ. ಈ ತೊಂದರೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನ ಜೀವನದಲ್ಲಿ ಯಾವಾಗಲಾದರೂ ಒಂದಿಲ್ಲೊಂದು ಚಟಕ್ಕೆ ಬೀಳುತ್ತಾರೆ.

ಇನ್ನು ಹುಟ್ಟುಗುಣ. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಝನಾರಿನಿ ಎಂಬವರು 1990ರ ದಶಕದ ಆರಂಭದಿಂದ ಇದೇ ರೋಗದ 290 ಜನರನ್ನು ಬೆನ್ನು ಹತ್ತಿ ನೋಡುತ್ತ ಬಂದರು. ಹತ್ತು ವರ್ಷದೊಳಗೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನರಲ್ಲಿ ರೋಗದ ಲಕ್ಷಣಗಳು ಇಳಿದು, ಎರಡು ವರ್ಷವಾದರೂ ಇಳಿದೇ ಇದ್ದವು. ನೌಕರಿ, ಸಂಸಾರ ಎಲ್ಲ ಸರಿಹೋದವರು ಅರ್ಧದಷ್ಟು ಮಾತ್ರ, ಅದನ್ನೂ ಹೇಳಿಬಿಡುತ್ತೇನೆ. ಸುಳ್ಳು ಆಸೆ ಹಚ್ಚುವುದು ನನ್ನ ಜಾಯಮಾನ ಅಲ್ಲ. ಆದರೂ ಹುಟ್ಟುಗುಣ ಸುಡದೆಯೇ ಬದಲಾಗುತ್ತದೆ ಅನ್ನುವುದಕ್ಕೆ ಇಷ್ಟು ಸಾಕಲ್ಲವೇ? ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಕಂಡಿತು: ಗುಣ ಆಗುವ ದಾರಿಗೆ ಎಲ್ಲಕ್ಕಿಂತ ಹೆಚ್ಚು ಅಡ್ಡ ಬರುವುದು ಚಟ.

ಹೀಗಾಗಿ ಎರಡಕ್ಕೂ ಒಟ್ಟಿಗೇ ಮದ್ದು ಆಗಬೇಕು. ನಮ್ಮಲ್ಲಿ ನಡೆಯುವುದು ಉಲ್ಟಾ. ಮನೋವೈದ್ಯರ ಕಡೆ ಹೋದರೆ “ಮೊದಲು ಕುಡಿತ ಬಿಡಿಸಿಕೊಂಡು ಬರ್ರಿ”. ವ್ಯಸನಮುಕ್ತಿ ಕೇಂದ್ರಕ್ಕೆ ಹೋದರೆ ಐದನೇ ದಿನ ಜಗಳ ತೆಗೆದನೆಂದು “ಇದು ಮಾನಸಿಕ ಕೇಸು, ಕರಕೊಂಡು ಹೋಗ್ರಿ”. ಜೋಡೆತ್ತಿನ ಬಂಡಿಯಲ್ಲಿ ಒಂದೇ ಎತ್ತಿಗೆ ಮೇವು ಹಾಕಿದರೆ ಬಂಡಿ ಸುತ್ತುತ್ತದೆಯೇ ಹೊರತು ಊರು ಮುಟ್ಟುವುದಿಲ್ಲ. ಡಾಕ್ಟರನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ: ಎರಡನ್ನೂ ನೀವೇ ನೋಡ್ತೀರೋ, ಇಲ್ಲ ನೋಡುವ ಇನ್ನೊಬ್ಬರ ಜೊತೆ ಮಾತಾಡಿಕೊಂಡು ನಡೆಸ್ತೀರೋ?

ಒಂದು ಎಚ್ಚರಿಕೆ ಮಾತ್ರ ಇರಲಿ. ಕುಡಿದಾಗಿನ ಸಿಟ್ಟು, ಬಿಟ್ಟ ಮೊದಲ ವಾರಗಳ ಕಿರಿಕಿರಿ ನೋಡಿ ಯಾರ ಮೇಲೂ ವ್ಯಕ್ತಿತ್ವ ದೋಷದ ಚೀಟಿ ಅಂಟಿಸಬಾರದು. ಕುಡಿತ ಹಿಡಿಯುವ ಮುಂಚೆ ಹುಡುಗ ಹೇಗಿದ್ದ, ಬಿಟ್ಟು ಕೆಲವು ವಾರ ಆದ ಮೇಲೆ ಹೇಗಿದ್ದಾನೆ, ಎರಡನ್ನೂ ನೋಡಿ ಹೇಳುವವರೇ ಬಲ್ಲ ಡಾಕ್ಟರು. ಅವನ ಶಾಲೆಯ ದಿನಗಳ ಕಥೆ ನಿನಗೆ ಗೊತ್ತು, ಅದನ್ನು ಹೇಳುವ ಕೆಲಸ ನಿನ್ನದು. ವ್ಯಕ್ತಿತ್ವ ದೋಷಗಳಲ್ಲೂ ಬಗೆಗಳಿವೆ. ನಾಲ್ಕು ಜನರ ಮುಂದೆ ನಿಲ್ಲಲಾಗದ ಅಂಜಿಕೆಗೆ ಕುಡಿಯುವವನನ್ನು ಮೊದಲ ದಿನವೇ ಕುಡಿತ ಬಿಟ್ಟವರ ಎ.ಎ. ಸಭೆಯಲ್ಲಿ ಎದ್ದು ನಿಂತು ಹೇಳು ಅಂದರೆ ಓಡಿಹೋಗುತ್ತಾನೆ. ಕಾನೂನಿಗೂ ಕಣ್ಣೀರಿಗೂ ಬಗ್ಗದವನಿಗೆ ಉಪದೇಶಕ್ಕಿಂತ, ಮೂತ್ರ ಪರೀಕ್ಷೆ ಶುದ್ಧ ಬಂದ ದಿನವೇ ಕೈಗೆ ಸಿಗುವ ಸಣ್ಣ ಬಹುಮಾನ ಹೆಚ್ಚು ನಾಟುತ್ತದೆ. ನಿನ್ನ ತಮ್ಮನದು ಈ ಎರಡೂ ಅಲ್ಲ, ಅದನ್ನು ಇಲ್ಲಿಗೆ ಬಿಡುತ್ತೇನೆ.

ಅವನಂಥವರ ಚಿಕಿತ್ಸೆಗೆ ದಾರಿ ತೆರೆದವರಲ್ಲಿ ದೊಡ್ಡ ಹೆಸರು ಮಾರ್ಷಾ ಲೈನಹನ್. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ. ಡಿ.ಬಿ.ಟಿ. ಎಂಬ ಅವರ ಪದ್ಧತಿಯ ಪುಸ್ತಕ 1993ರಲ್ಲಿ ಬಂತು. ಈ ರೋಗದ ಜೊತೆಗೆ ಮಾದಕ ವಸ್ತುವಿನ ಚಟವೂ ಇದ್ದ ಹೆಂಗಸರ ಮೇಲೆ ಅದನ್ನು ಪ್ರಯೋಗಿಸಿದ ವರದಿ 1999ರಲ್ಲಿ. 2011ರಲ್ಲಿ ಆಕೆ ಬಹಿರಂಗವಾಗಿ ಹೇಳಿದ ಮಾತು ಎಲ್ಲರನ್ನೂ ಬೆರಗುಗೊಳಿಸಿತು: 17ರ ವಯಸ್ಸಿನಲ್ಲಿ, 1961ರಲ್ಲಿ, ತಾನೇ ಮನೋರೋಗದ ಆಸ್ಪತ್ರೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಇದ್ದೆ, ಮೈ ಸುಟ್ಟುಕೊಳ್ಳುತ್ತಿದ್ದೆ, ಕೊಯ್ದುಕೊಳ್ಳುತ್ತಿದ್ದೆ ಅಂತ. ನಿಮ್ಮಪ್ಪನಿಗೆ ಇದೊಂದನ್ನು ಓದಿ ಹೇಳು.

ಆ ಪದ್ಧತಿಯಲ್ಲಿ ಮಾಡುವುದೇನು ಅಂತ ಕೇಳಿದೆಯಲ್ಲ. ಒಂದು ಪ್ರಸಂಗ ತೆಗೆದುಕೊಂಡು ಅದರ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ಹೋದ ದೀಪಾವಳಿಯ ಹುಲಜಂತಿ ಜಾತ್ರೆಯನ್ನೇ ತೆಗೆದುಕೋ. “ಜಾತ್ರ್ಯಾಗ ಕುಡಿದು ದಾಂಧಲೆ ಮಾಡ್ದ” ಅಂತ ನೀವು ಒಂದೇ ಸಾಲಿನಲ್ಲಿ ಮುಗಿಸುತ್ತೀರಿ. ನಡೆದದ್ದು ಹೀಗೆ: ಪಲ್ಲಕ್ಕಿ ಭೆಟ್ಟಿ ನೋಡಲು ಅಕ್ಕಲಕೋಟೆಯಿಂದ ನೀನು ಬರುತ್ತೇನೆ ಅಂದಿದ್ದೆ. ಸೋಲಾಪುರದಲ್ಲಿ ಬಸ್ ತಪ್ಪಿತು. ಅವನು ಮೇಲಿಂದ ಮೇಲೆ ಫೋನ್ ಮಾಡಿದ, ಗದ್ದಲದಲ್ಲಿ ನಿನಗೆ ಕೇಳಿಸಲಿಲ್ಲ. ಅವನ ತಲೆಯಲ್ಲಿ “ಅಕ್ಕಗೂ ನಾ ಬ್ಯಾಡಾದೆ” ಅಂತ ಬಂತು. ಕಣ್ಣಲ್ಲಿ ನೀರು ಬಂದದ್ದು ನೋಡಿ ನಿಮ್ಮವ್ವ “ಹೆಂಗಸರಂಗ ಯಾಕ ಅಳ್ತಿ” ಅಂದಳು. ಅಷ್ಟರಲ್ಲಿ ಬೈಕ್ ಹಚ್ಚಿಕೊಂಡು ಗೆಳೆಯ ಬಂದ. ಧಾಬಾ, ಒಂದು ಕ್ವಾರ್ಟರ್, ಇನ್ನೊಂದು, ರಾತ್ರಿ ಹೊಡೆದಾಟ, ಬೆಳಗಿನ ಜಾವ ಬ್ಲೇಡು. ಈಗ ನೋಡು, ಇದರಲ್ಲಿ ಎಷ್ಟು ಕಡೆ ತುಂಡು ಮಾಡಬಹುದಿತ್ತು! ನಿನ್ನದೊಂದು ಮೆಸೇಜು: ಬಸ್ ತಪ್ಪಿತು, ಬೆಳಿಗ್ಗೆ ಬರ್ತೀನಿ. ನಿಮ್ಮವ್ವನ ಬಾಯಲ್ಲಿ ಬೇರೆ ಮಾತು: ಅಕ್ಕ ಬರಲಿಲ್ಲ ಅಂತ ಸಂಕಟ ಆಗ್ಯಾದ, ಹೌದಲ್ಲ ಅಪ್ಪಾ? ಅವನ ಕಡೆಯಿಂದ, ಹೃದಯದ ತೊಂದರೆ ಇಲ್ಲದಿದ್ದರೆ, ಗಡಿಗೆಯ ತಣ್ಣೀರಿನಲ್ಲಿ ಅರ್ಧ ನಿಮಿಷ ಮುಖ ಅದ್ದಿ ಉಸಿರು ಹಿಡಿಯುವುದು. ಇದರಿಂದ ಎದೆಬಡಿತ ಇಳಿಯುತ್ತದೆ, ಉರಿಯೂ ಒಂದು ಮಟ್ಟಕ್ಕೆ ಇಳಿಯುತ್ತದೆ. ಆಮೇಲೆ ಅರ್ಧ ತಾಸು ತಡೆದುಕೊಳ್ಳುವುದು. ಕುಡಿಯಬೇಕೆನ್ನುವ ಸೆಳೆತ ಸಾಮಾನ್ಯವಾಗಿ ಅಷ್ಟರಲ್ಲಿ ಇಳಿಮುಖವಾಗುತ್ತದೆ. ಇದನ್ನು ವಾರವಾರ ಕೂತು ಕಲಿಸುತ್ತಾರೆ. ಒಂದು ವರ್ಷ ಹಿಡಿಯುತ್ತದೆ, ಕೆಲವರಿಗೆ ಹೆಚ್ಚೂ ಬೇಕು.

ಸಂಕಟ ಒಪ್ಪಿಕೊಳ್ಳುವುದು ಬೇರೆ, ಕುಡಿತ ಒಪ್ಪಿಕೊಳ್ಳುವುದು ಬೇರೆ; ನಿಮ್ಮ ಮನೆಯಲ್ಲಿ ಇವೆರಡೂ ಕಲಸಿಹೋಗಿವೆ. ಅಪ್ಪ ಹೊಡೆಯುತ್ತಾನೆ, ಅವ್ವ ಮುಚ್ಚಿ ದುಡ್ಡು ಕೊಡುತ್ತಾಳೆ, ನೀನು ಅಕ್ಕಲಕೋಟೆಯಿಂದ ಫೋನ್‌ಪೇ ಮಾಡುತ್ತೀ. ಮೂವರೂ ಕೂತು ಒಂದೇ ಮಾತು ಗೊತ್ತು ಮಾಡಿಕೊಳ್ಳಿ. ಚಿಕಿತ್ಸೆ ಶುರುವಾದ ಮೇಲೆ ದುಡ್ಡು ಇಲ್ಲ, ಊಟ ಇದೆ. ಕುಡಿದಾಗ ವಾದ ಇಲ್ಲ, ಇಳಿದ ಮೇಲೆ ಮಾತು ಇದೆ. ಮನೆಯಿಂದ ಹೊರಗೆ ಹಾಕ್ತೀವಿ ಅಂತ ಹೆದರಿಸಿ ಮರುದಿನ ಮರೆತುಬಿಡುವ ಬೆದರಿಕೆ ಹಾಕಬೇಡಿ. ಬಿಟ್ಟುಹೋಗುವ ಭಯವೇ ಅವನ ರೋಗದ ಬುಡ. ಆ ಬುಡಕ್ಕೆ ನೀವೇ ನೀರು ಹೊಯ್ದಂತಾಗುತ್ತದೆ.

ಗುಳಿಗೆಯ ವಿಚಾರ. ವ್ಯಕ್ತಿತ್ವ ದೋಷಕ್ಕೆ ಅಂತಲೇ ಮಂಜೂರಾದ ಗುಳಿಗೆ ಯಾವುದೂ ಇಲ್ಲ. ಕುಡಿತದ ಸೆಳೆತಕ್ಕೆ ಇವೆ: ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್. ಲಿವರು, ಕಿಡ್ನಿ ಪರೀಕ್ಷೆ ಮಾಡಿಸಿ ಡಾಕ್ಟರೇ ಬರೆಯಬೇಕು. ಡೈಸಲ್ಫಿರಾಮ್ ಅಂತ ಇನ್ನೊಂದು ಇದೆ, ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿ.ಪಿ. ಕುಸಿಯುತ್ತದೆ. “ರೋಗಿಗೆ ತಿಳಿಯದಂತೆ ಕುಡಿತ ಬಿಡಿಸಿ” ಅಂತ ಎಸ್.ಟಿ. ಸ್ಟ್ಯಾಂಡಿನ ಗೋಡೆಯ ಮೇಲೆ ಜಾಹೀರಾತು ನೋಡುತ್ತೀಯಲ್ಲ, ಆ ಪುಡಿಯಲ್ಲಿ ಏನು ಬೆರೆಸಿದ್ದಾರೋ ಯಾರು ಕಂಡರು? ಹೇಳದೆ ಬೇಳೆಯಲ್ಲಿ ಬೆರೆಸಿದ್ದು ಡೈಸಲ್ಫಿರಾಮ್ ಆಗಿದ್ದು ಅವನು ಕುಡಿದರೆ ಹೆಣವೂ ಬೀಳಬಹುದು. ಬೀಳದಿದ್ದರೂ, ಮೊದಲೇ ಯಾರನ್ನೂ ನಂಬದವನು ಅವ್ವನ ಕೈ ಅಡುಗೆಯನ್ನೂ ನಂಬುವುದಿಲ್ಲ. ಮೆಡಿಕಲ್‌ನಿಂದ ಚೀಟಿ ಇಲ್ಲದೆ ತರುವ ನಿದ್ದೆ ಗುಳಿಗೆ, ಅಲ್ಪ್ರಾಝೋಲಾಮ್, ಅದಕ್ಕಿಂತ ಕೆಟ್ಟದ್ದು. ಬಾರ್ಡರ್‌ಲೈನ್ ಇರುವವರಲ್ಲಿ ಅದು ಇರುವ ಹಿಡಿತವನ್ನೂ ತಪ್ಪಿಸಬಹುದು. ದಾರೂ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ಇದನ್ನು ಇಂದೇ ಮಾಡು: ದಾಳಿಂಬೆ, ದ್ರಾಕ್ಷಿಗೆ ಹೊಡೆಯುವ ಔಷಧದ ಡಬ್ಬಿಗಳು ನಿಮ್ಮ ಮನೆಯಲ್ಲಿ ಕಾಳಿನ ಚೀಲದ ಹಿಂದೆ ಇರುತ್ತವೆ, ನಾನು ಕಂಡಿದ್ದೇನೆ. ಅವನ್ನು ಮನೆಯಿಂದಲೇ ತೆಗೆಸು. ಹೊಲದ ಕೋಣೆಯಲ್ಲಿ ಕೀಲಿ ಹಾಕಿ, ಕೀಲಿ ಅವನಿಗೆ ಸಿಗದಂತೆ ಇಡು. ಕುಡಿದ ಹೊತ್ತಿನ ಹತ್ತು ನಿಮಿಷದ ಹುಚ್ಚಿಗೆ ಸಿವಿಲ್‌ಗೆ ಬಂದ ಹುಡುಗರಲ್ಲಿ ಬಹಳ ಜನ ಸಾಯಬೇಕು ಅಂತ ಹೊರಟವರಲ್ಲ. ಕೈಗೆ ಸಿಕ್ಕಿತ್ತು, ಕುಡಿದರು. ಬ್ಲೇಡಿನ ಗೀರನ್ನು “ಹೆದರಸ್ತಾನ” ಅಂತ ತಳ್ಳಿಹಾಕಬೇಡ. ಸಾಯುವ ಮಾತು ಬಂದರೆ ನೇರವಾಗಿ ಕೇಳು. ಕೇಳಿದ್ದರಿಂದ ಯಾರೂ ಸಾಯುವುದಿಲ್ಲ.

ವ್ಯಸನಮುಕ್ತಿ ಕೇಂದ್ರದ ವಿಚಾರಕ್ಕೆ ಬರೋಣ. ಪುಣೆಯ ಮುಕ್ತಾಂಗಣ 1986ರಲ್ಲಿ ಡಾ. ಅನಿತಾ ಅವಚಟ ಅವರು ಕಟ್ಟಿದ್ದು, ಮರಾಠಿ ಲೇಖಕ ಪು.ಲ. ದೇಶಪಾಂಡೆ ದಂಪತಿ ಬೆನ್ನಿಗೆ ನಿಂತಿದ್ದರು. ಹೊಡೆಯದೆ, ಬಡಿಯದೆ ಚಟ ಬಿಡಿಸಬಹುದು ಅಂತ ಮಹಾರಾಷ್ಟ್ರಕ್ಕೆ ತೋರಿಸಿದವರು ಅವರು. ಎಲ್ಲ ಕಡೆ ಹಾಗಿರುವುದಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮನೋರೋಗಿಗಳು ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ಪೂರಾ ನಿಷೇಧಿಸಿದೆ. ಮದ್ಯ, ಮಾದಕ ವಸ್ತುವಿನಿಂದ ಬರುವ ಮನಸ್ಸಿನ ತೊಂದರೆಗಳೂ ಆ ಕಾಯ್ದೆಯಡಿ ಬರುತ್ತವೆ. ನೋಂದಣಿ ಪತ್ರ ತೋರಿಸಿ ಅನ್ನು. ಮನೋವೈದ್ಯರು ಯಾವ ವಾರ ಬರ್ತಾರೆ ಕೇಳು. ರಾತ್ರಿ ಜೀಪಿನಲ್ಲಿ ಬಂದು ಎತ್ತಿಕೊಂಡು ಹೋಗ್ತೀವಿ ಅನ್ನುವವರಿಗೆ ಬಾಗಿಲು ತೆರೆಯಬೇಡ.

ನಮ್ಮ ಗಡಿಯವರ ಒಂದು ತಾಪತ್ರಯ ಬೇರೆ ಇದೆ, ಅದನ್ನು ಯಾರೂ ಎತ್ತುವುದಿಲ್ಲ. ಹುಲಜಂತಿ, ಮರವಡೆ, ಅತ್ತ ನಾಗಣಸೂರು, ತೋಳನೂರು, ದುಧನಿ ಹುಡುಗರು ಪೇಟೆಯಲ್ಲಿ ಮರಾಠಿ ಚೊಕ್ಕ ಮಾತಾಡುತ್ತಾರೆ. ಎಮ್ಮೆ ವ್ಯಾಪಾರಕ್ಕೆ, ತಹಶೀಲ ಕಚೇರಿಗೆ ಆ ಮರಾಠಿ ಸಾಕು. ಆದರೆ ಈ ಚಿಕಿತ್ಸೆಯಲ್ಲಿ ಮಾತೇ ಔಷಧ. ಆರು ವರ್ಷದವನಿದ್ದಾಗ ಮೈಗೆ ಬಿದ್ದ ಏಟಿನ ಸಂಗತಿ ಅವನಿಗೆ ಮರಾಠಿಯಲ್ಲಿ ಬರುವುದಿಲ್ಲ. ಸಿವಿಲ್‌ನಲ್ಲಿ ಮರಾಠಿ ಸಲಹೆಗಾರರ ಮುಂದೆ “ಠೀಕ ಆಹೆ” ಅಂತ ಮೂರು ವಾರ ಕೂತಿದ್ದ ಹುಡುಗನೊಬ್ಬ, ನಾನು ಕನ್ನಡದಲ್ಲಿ “ಊಟ ಮಾಡಿಯೇನಪ್ಪಾ” ಅಂದಾಗ ಬಿಕ್ಕಿಬಿಕ್ಕಿ ಅತ್ತ. ನಿನ್ನ ತಮ್ಮನೂ ಕನ್ನಡ ಶಾಲೆಯಲ್ಲಿ ಕಲಿತವನು. ತುರ್ತು ಚಿಕಿತ್ಸೆ ಸೋಲಾಪುರದಲ್ಲೇ ಆಗಲಿ, ಮಾತಿನ ಚಿಕಿತ್ಸೆಗೆ ಕನ್ನಡ ಬಲ್ಲವರನ್ನು ಹುಡುಕು: ವಿಜಯಪುರ, ಕಲಬುರ್ಗಿ, ಬೇಕಾದರೆ ಧಾರವಾಡದ ಡಿಮ್ಹಾನ್ಸ್. ತೀರಾ ಕಠಿಣ ಆದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ.

ಊರಲ್ಲಿ ದಾರೂ ಬಂದ್ ಮಾಡಿಸಿದರೆ ಸಾಕು ಅನ್ನುವವರೂ ಇದ್ದಾರೆ. 2021ರಲ್ಲಿ ಸೋಲಾಪುರ ಗ್ರಾಮೀಣ ಪೊಲೀಸರು ‘ಆಪರೇಷನ್ ಪರಿವರ್ತನ’ ಅಂತ ಮಾಡಿ ಮುಳೆಗಾಂವ ತಾಂಡಾದಂಥ ಕಡೆ ಹಾತಭಟ್ಟಿ ಇಳಿಸುವವರಿಗೆ ಬೇರೆ ದುಡಿಮೆ ಹಚ್ಚಿಕೊಟ್ಟದ್ದು ಒಳ್ಳೆಯ ಕೆಲಸ. ಆದರೆ ನಿನ್ನ ತಮ್ಮನಂಥವನಿಗೆ ಅಂಗಡಿ ಮುಚ್ಚಿದರೆ ಮತ್ತೊಂದು ಸಿಗುತ್ತದೆ, ಒಳಗಿನ ಉರಿ ಹಾಗೇ ಉಳಿಯುತ್ತದೆ. ಈ ಮಂಗಳವೇಢೆಯಲ್ಲಿ ಕರಣಿಕರಾಗಿದ್ದ ಬಸವಣ್ಣನವರ ಕಾಲದ ಶರಣರಲ್ಲಿ ಹೆಂಡದ ಮಾರಯ್ಯ ಅಂತ ಒಬ್ಬರು. ಹೆಂಡ ಮಾರುವುದು ಅವರ ಕಾಯಕ. ಕುಡಿಯಲು ಬಂದವರಿಗೆ ಕುಡಿತದ ಕೇಡನ್ನೇ ತಿಳಿಹೇಳುತ್ತಿದ್ದರು ಅನ್ನುತ್ತಾರೆ. ಕುಡುಕನನ್ನು ಅಟ್ಟದೆ, ಅವನು ನಿಂತಲ್ಲೇ ಹೋಗಿ ಮಾತಾಡಿದವರು ಅಂತ ನನಗೆ ಅವರ ಮೇಲೆ ಪ್ರೀತಿ.

ಅವನು ಒಮ್ಮೆ ಬಿಟ್ಟ ಮೇಲೆ ಮತ್ತೆ ಜಾರುತ್ತಾನೆ. ಈಗಲೇ ಹೇಳಿಟ್ಟಿದ್ದೇನೆ, ಆ ದಿನ ಎದೆ ಒಡೆದುಕೊಳ್ಳಬೇಡ. ಬಿಡುವಾಗ ಪೂರಾ ಬಿಡ್ತೀನಿ ಅನ್ನುವ ಹಟವೇ ಇರಬೇಕು. ಜಾರಿದರೆ ಮಾತ್ರ, ಛೀಮಾರಿ ಹಾಕದೆ ಆ ಗಳಿಗೆಗೇ ಎತ್ತಿ ನಿಲ್ಲಿಸಬೇಕು. ಲೈನಹನ್ ಅವರ ಪದ್ಧತಿಯೂ ಇದನ್ನೇ ಹೇಳುತ್ತದೆ. ನಮ್ಮಲ್ಲಿ ಮಾಳ ಮುರಿದವನಿಗೆ ಊರೇ ಪಾಪಿಷ್ಠ ಅನ್ನುತ್ತದೆ. ಆ ನಾಚಿಕೆಗೆ ಅವನು ಒಂದು ಕ್ವಾರ್ಟರಿಗೆ ನಿಲ್ಲಬಹುದಾಗಿದ್ದ ಕುಡಿತವನ್ನು ಒಂದು ತಿಂಗಳಿಗೆ ಒಯ್ಯುತ್ತಾನೆ. ಊರು ಏನಾದರೂ ಅನ್ನಲಿ, ನೀವು ಮೂವರು ಅನ್ನಬೇಡಿ.

ದೇಶದಲ್ಲಿ ಮದ್ಯದ ಅವಲಂಬನೆ ಇರುವ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಗುತ್ತದೆ ಅಂತ ಕೇಂದ್ರ ಸರಕಾರಕ್ಕಾಗಿ ಏಮ್ಸ್ ಮಾಡಿದ 2019ರ ಸಮೀಕ್ಷೆ ಹೇಳಿತು. ಅವನು ಆ ಒಬ್ಬನಾಗಲಿ. ಹಳೆಯ ಚೀಟಿ, ರಕ್ತದ ರಿಪೋರ್ಟು, ಅವನು ತೆಗೆದುಕೊಳ್ಳುವ ಗುಳಿಗೆಯ ಪಾಕೀಟು, ಆಧಾರ್ ಎಲ್ಲ ಒಂದು ಚೀಲದಲ್ಲಿ ಹಾಕಿ ಇಡು. ಸೋಮವಾರ ಬೆಳಿಗ್ಗೆ ಹೊರರೋಗಿ ವಿಭಾಗ ತೆರೆಯುವ ಹೊತ್ತಿಗೆ ಸಿವಿಲ್ ಮುಟ್ಟು, ನಾನೂ ಬರುತ್ತೇನೆ. ಅಷ್ಟರೊಳಗೆ ಕೈನಡುಕ ಹೆಚ್ಚಾಗಿ ಫಿಟ್ಸ್ ಬಂದರೆ, ಇಲ್ಲದ್ದು ಕಾಣತೊಡಗಿದರೆ, ಸಾಯುವ ಮಾತಾಡಿದರೆ ಸೋಮವಾರಕ್ಕೆ ಕಾಯದೆ 108ಕ್ಕೆ ಫೋನ್ ಮಾಡು. ನಿನಗೇ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ ಸರಕಾರದ ಟೆಲಿ-ಮಾನಸ್ ಇದೆ, 14416. ಹಗಲುರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಭಾಷೆ ಆರಿಸಿಕೊಳ್ಳಬಹುದು. ಕನ್ನಡ ಆರಿಸಿಕೊಂಡು ಇವತ್ತು ರಾತ್ರಿಯೇ ಒಮ್ಮೆ ಮಾತಾಡು.